ಹನ್ನೊಂದು ವರ್ಷದ ಹಾರ

ಎರಡು ಸಾವಿರದ ನಾಲ್ಕನೇ ಇಸವಿಯ ಏಪ್ರಿಲ್ ತಿಂಗಳು. ಒಂದು ಶನಿವಾರ ಮಧ್ಯಾಹ್ನ ಮೂರೂಮುಕ್ಕಾಲಿಗೆ ಭದ್ರಾವತಿಯ ರೈಲ್ವೆ ಗೇಟಿನ ಮುಂದೆ ನಿಂತ ಕಾರಿನಲ್ಲಿ ಶಾಂಭವಿಯ ಎರಡು ಕಿಲೋ ಕೇಕು ಕರಗತೊಡಗಿತು. ಮೊದಲು ಅಂಚಿನ ಕ್ರೀಮಿನ ಗುಲಾಬಿಗಳು ಸೊಟ್ಟಗಾದವು. ಆಮೇಲೆ ನಡುವೆ ಬರೆದಿದ್ದ ‘ಐವತ್ತರ ಸಂಭ್ರಮ’ ಒಂದು ಕಡೆಗೆ ಜಾರಿತು. ಹಿಂದಿನ ಸೀಟಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಶಾಂಭವಿ ಸೀರೆಯ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

“ಮಾವ, ಎಸಿ ಹಾಕಿದೀರಾ?”

“ಹಾಕಿದೀನಲ್ಲ. ಶಬ್ದ ಕೇಳಿಸ್ತಿಲ್ವಾ?”

“ಶಬ್ದ ಬರ್ತಿದೆ. ತಂಪು ಬರ್ತಿಲ್ಲ.”

“ಏಪ್ರಿಲ್ ಬಿಸಿಲು ಕಣಮ್ಮ. ಇದು ಕಾರು, ಐಸ್ ಫ್ಯಾಕ್ಟರಿ ಅಲ್ಲ,” ಎಂದರು ಸ್ಟೀರಿಂಗ್ ಹಿಡಿದು ಕೂತಿದ್ದ ಮಾವ ಷಡಕ್ಷರಪ್ಪನವರು.

ರೈಲು ಬರಲು ಹನ್ನೆರಡು ನಿಮಿಷ ಹಿಡಿಯಿತು. ಅಷ್ಟರಲ್ಲಿ ಐವತ್ತೂ ಇರಲಿಲ್ಲ, ಸಂಭ್ರಮವೂ ಇರಲಿಲ್ಲ.

ಭದ್ರಾವತಿಯ ಜನ್ನಾಪುರದಲ್ಲಿ ಕಾಂಡಿಮೆಂಟ್ಸ್ ಅಂಗಡಿ ಇಟ್ಟಿದ್ದ ನಂಜಮ್ಮ ಡಬ್ಬಿ ತೆರೆದು ನೋಡಿ ಸೊಂಟಕ್ಕೆ ಕೈ ಇಟ್ಟುಕೊಂಡಳು. ಮೊಟ್ಟೆ ಮುಟ್ಟದ ಮನೆಗಳು ಆ ಊರಲ್ಲಿ ಬೇಕಾದಷ್ಟಿದ್ದವು. ಆ ಮನೆಗಳ ಮಕ್ಕಳಿಗೂ ಹುಟ್ಟುಹಬ್ಬಕ್ಕೆ ಕೇಕೇ ಬೇಕು. ಮೊಟ್ಟೆ ಹಾಕದೆ ಮೆತ್ತಗೆ ಕೇಕು ಮಾಡುವ ಕೈ ಶಿವಮೊಗ್ಗದ ರವೀಂದ್ರನಗರದಲ್ಲಿದೆ ಎಂದು ಎರಡು ವರ್ಷದಿಂದ ಊರಿಗೆಲ್ಲ ಹೇಳಿ ಆರ್ಡರು ಹಿಡಿದವಳು ಅವಳೇ. ಅವಳ ಫ್ರಿಜ್ಜು ಚಿಕ್ಕದು. ಹಾಲು, ಜ್ಯೂಸು ಇಟ್ಟರೆ ಮುಗಿಯಿತು. ಹಾಗಾಗಿ ಕೇಕು ಸಂಜೆ ನಾಲ್ಕಕ್ಕೆ ಬಂದು ಐದಕ್ಕೆ ಗಿರಾಕಿಯ ಕೈ ಸೇರಬೇಕು.

“ಏನಮ್ಮ ಇದು? ಇದನ್ನ ಅವ್ರ ಕೈಗೆ ಹೆಂಗೆ ಕೊಡ್ಲಿ? ಎರಡು ತಿಂಗಳಲ್ಲಿ ಮೂರನೇ ಸಲ,” ಎಂದಳು.

ಶಾಂಭವಿ ಬಾಯಿ ತೆರೆಯುವ ಮೊದಲೇ ಷಡಕ್ಷರಪ್ಪನವರು ಮುಂದೆ ಬಂದರು. ಅಂಗಡಿಯ ಬೆಂಚಿನ ಮೇಲೆ ಅವರ ಜೊತೆ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಈಶ್ವರಪ್ಪ ಕಾಫಿ ಕುಡಿಯುತ್ತ ಕೂತಿದ್ದರು. ಇನ್ನೂ ನಾಲ್ಕು ಜನ ಇದ್ದರು. ಜನ ಇದ್ದ ಕಡೆ ಷಡಕ್ಷರಪ್ಪನವರ ದನಿ ತಾನಾಗಿ ಏರುತ್ತಿತ್ತು.

“ಕಾರಿಂದು ತಪ್ಪಿಲ್ಲ ನಂಜಮ್ಮ. ನಮ್ಮ ಸೊಸೆ ಮೈದಾ, ಸಕ್ಕರೆ ಪುಡಿ ಎಲ್ಲ ಕಾರಲ್ಲಿ ಚೆಲ್ಲಾಡ್ತಾಳೆ. ಅದು ಎಸಿ ಒಳಗೆ ಹೋಗಿ ಗಟ್ಟಿ ಕಟ್ಕೊಂಡಿದೆ. ಮೂವತ್ತಾರು ವರ್ಷ ಯಂತ್ರ ನೋಡಿದೋನು ನಾನು. ಯಂತ್ರ ತಾನಾಗಿ ಹಾಳಾಗಲ್ಲ, ಮನುಷ್ಯರು ಹಾಳು ಮಾಡ್ತಾರೆ.”

ಈಶ್ವರಪ್ಪ ಹೌದೆಂದು ತಲೆಯಾಡಿಸಿದರು. ಶಾಂಭವಿಯ ಮುಖ ಕಿವಿಯವರೆಗೆ ಕೆಂಪಾಯಿತು.

“ಮೇ ಹದಿನೈದಕ್ಕೆ ನಾಲ್ಕು ಕಿಲೋದ್ದು ಒಪ್ಕೊಂಡಿದೀನಿ. ಮಗು ಮೊದಲನೇ ವರ್ಷದ್ದು, ಇನ್ನೂರು ಜನ ಬರ್ತಾರೆ. ಅವತ್ತೂ ಹಿಂಗೇ ಆದ್ರೆ ನಾನು ಬೇರೆ ಯಾರಿಗಾದ್ರೂ ಹೇಳ್ತೀನಿ. ಬೇಜಾರ್ ಮಾಡ್ಕೋಬೇಡ,” ಎಂದಳು ನಂಜಮ್ಮ. ಬೇಜಾರು ಮಾಡಿಕೊಳ್ಳಬೇಡ ಎಂದವರೇ ಬೇಜಾರಿಗೆ ಬೇಕಾದದ್ದನ್ನೆಲ್ಲ ಹೇಳಿ ಮುಗಿಸಿರುತ್ತಾರೆ.

ಆ ರಾತ್ರಿ ಊಟಕ್ಕೆ ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ. ಅತ್ತೆ ಮಹಾಂತಮ್ಮ ರೊಟ್ಟಿ ಬೇಯಿಸುತ್ತಿದ್ದರು, ಶಾಂಭವಿ ಬಡಿಸುತ್ತಿದ್ದಳು. ಬಡಿಸುವ ಸದ್ದಿನಲ್ಲೇ ಮನೆಗೆ ವಿಷಯ ಗೊತ್ತಾಗಿತ್ತು.

“ಆ ಜನರ ಎದುರಿಗೆ ನನ್ನ ಹೆಸರು ಯಾಕೆ ಹೇಳಿದ್ರಿ ಮಾವ?”

“ಇದ್ದದ್ದು ಹೇಳ್ದೆ.”

“ಕೇಕು ಡಬ್ಬೀಲಿರುತ್ತೆ. ಡಬ್ಬಿಗೆ ದಾರ ಕಟ್ಟಿರುತ್ತೆ. ಹಿಟ್ಟು ಎಲ್ಲಿಂದ ಬರುತ್ತೆ?”

“ನಿನ್ನ ಸೀರೆಯಿಂದ ಬರುತ್ತೆ. ದಿನಾ ಮೈದಾದಲ್ಲೇ ಹೊರಳಾಡ್ತೀಯಲ್ಲ.”

“ಸರಿ. ಗ್ಯಾರೇಜಿಗೆ ಬಿಡಿ, ಅವ್ರೇ ನೋಡಿ ಹೇಳ್ಲಿ.”

“ಗ್ಯಾರೇಜಿನೋರಿಗೆ ಏನು ಗೊತ್ತು?”

ಶಾಂಭವಿ ಗಂಡನ ಕಡೆ ನೋಡಿದಳು. ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಜ್ಞಾನೇಶ್ ಬದನೆಕಾಯಿಯ ತೊಟ್ಟನ್ನು ಬಹಳ ಶ್ರದ್ಧೆಯಿಂದ ಬಿಡಿಸುತ್ತಿದ್ದ. ಅಪ್ಪನ ಎದುರು ಅವನು ಬಾಯಿ ತೆರೆಯುತ್ತಿದ್ದದ್ದು ಊಟಕ್ಕೆ ಮಾತ್ರ.

“ನೀವೇನಾದ್ರೂ ಹೇಳ್ತೀರೋ, ಇನ್ನೊಂದು ರೊಟ್ಟಿ ಹಾಕ್ಲೋ?”

“ಅರ್ಧ ಸಾಕು,” ಎಂದ ಜ್ಞಾನೇಶ್.

ಆ ಕಾರು ಷಡಕ್ಷರಪ್ಪನವರ ಎರಡನೇ ಮಗನಿದ್ದಂತೆ. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ವರ್ಷವೇ ಹೊಸದಾಗಿ ತಂದದ್ದು. ಹನ್ನೊಂದು ವರ್ಷ ಬೇರೆ ಯಾರಿಗೂ ಓಡಿಸಲು ಕೊಟ್ಟಿರಲಿಲ್ಲ. ಶಾಂಭವಿ ಮದುವೆಗೆ ಮುಂಚೆಯೇ ಲೈಸೆನ್ಸ್ ಮಾಡಿಸಿದವಳು. ಆದರೂ ಹೆಂಗಸರು ಗೇರಿಗೆ ಕೈ ಹಾಕಿದರೆ ಗೇರ್‌ಬಾಕ್ಸೇ ಹೋಗುತ್ತದೆ ಎಂದು ಅವರ ಸಿದ್ಧಾಂತ. ಕೀ ದೇವರ ಕೋಣೆಯ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ವಿಭೂತಿ ಹಚ್ಚಿಕೊಂಡು, ಇಷ್ಟಲಿಂಗ ಪೂಜೆ ಮುಗಿಸಿ ಹೊರಬಂದವರು ಮೊದಲು ಮುಟ್ಟುತ್ತಿದ್ದದ್ದು ಆ ಕೀಯನ್ನೇ.

ಆಯುಧಪೂಜೆಗೆ ಕಾರಿನ ಮುಂದಿನ ಜಾಲರಿಗೆ ಚೆಂಡುಹೂವಿನ ದಪ್ಪ ಹಾರ ಹಾಕುತ್ತಿದ್ದರು. ಹಾಕಿದ ಹಾರವನ್ನು ಕೈಯಿಂದ ತೆಗೆಯುವಂತಿಲ್ಲ. ಅದು ಒಣಗಿ, ಉದುರಿ, ತಾನಾಗಿಯೇ ಹೋಗಬೇಕು. ಅದು ಕಾರ್ಖಾನೆಯಿಂದ ಮನೆಗೆ ಬಂದ ಪದ್ಧತಿ. ಅಲ್ಲಿ ಪೂಜೆಯ ಹಾರ ಯಂತ್ರದ ಮೇಲೇ ಒಣಗುತ್ತಿತ್ತು. ಹೋದ ಅಕ್ಟೋಬರಿನ ಹಾರದ ದಾರ ಏಪ್ರಿಲ್‌ನಲ್ಲೂ ಜಾಲರಿಯ ಮೂಲೆಯಲ್ಲಿ ಕಪ್ಪಗೆ ಜೋತಾಡುತ್ತಿತ್ತು.

ಸೊಸೆಯ ಕಾಟಕ್ಕೆ ಷಡಕ್ಷರಪ್ಪನವರು ಸೋಮವಾರ ಸಾಗರ ರಸ್ತೆಯ ಒಂದು ಗ್ಯಾರೇಜಿಗೆ ಹೋಗಿ ಎಸಿಗೆ ಗ್ಯಾಸ್ ತುಂಬಿಸಿಕೊಂಡು ಬಂದರು. ಬೆಳಿಗ್ಗೆ ಎಂಟು ಗಂಟೆಗೆ ತಂಪಿತ್ತು. ಬೆಳಿಗ್ಗೆ ಎಂಟಕ್ಕೆ ತುಂಗಾ ಸೇತುವೆಯ ಮೇಲೂ ತಂಪಿರುತ್ತದೆ. ಮಧ್ಯಾಹ್ನ ಮತ್ತೆ ಅದೇ ಬಿಸಿ ಗಾಳಿ. ಮುಂದಿನ ವಾರ ಇನ್ನೊಂದು ಗ್ಯಾರೇಜಿನವನು ಗ್ಯಾಸ್ ಕಡಿಮೆಯಿದೆ ಎಂದು ಮತ್ತಷ್ಟು ತುಂಬಿದ. ಈಗ ಎಸಿ ಐದು ನಿಮಿಷ ಓಡಿ ತಾನೇ ನಿಲ್ಲತೊಡಗಿತು.

ಶಾಂಭವಿ ಪೇಟೆಗೆ ಹೋದಾಗೆಲ್ಲ ಮುಂದಿನ ಸೀಟಿನಲ್ಲಿ ಕೂತು ಗಮನಿಸಿದಳು. ಕಾರು ರಸ್ತೆಯಲ್ಲಿ ಓಡುವಾಗ ಒಂದಿಷ್ಟು ತಂಪು ಬರುತ್ತಿತ್ತು. ಎಲ್ಲಿಯಾದರೂ ನಿಂತರೆ ಬಿಸಿಯಾಗುತ್ತಿತ್ತು. ನಿಂತಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳೂ ಮೇಲಕ್ಕೆ ಹೋಗುತ್ತಿತ್ತು.

“ಹಿಟ್ಟು ಕಟ್ಕೊಂಡಿದ್ರೆ ಓಡುವಾಗ್ಲೂ ಗಾಳಿ ಬರಬಾರದಲ್ಲ ಮಾವ. ಗಾಳಿ ಜೋರಾಗೇ ಬರ್ತಿದೆ, ತಂಪಿಲ್ಲ ಅಷ್ಟೆ. ಎಂಜಿನ್ನೂ ಬಿಸಿ ಆಗ್ತಿದೆ. ಮುಂದೆ ಬಿಚ್ಚಿ ನೋಡ್ಸೋಣ.”

ಷಡಕ್ಷರಪ್ಪನವರು ಬ್ರೇಕು ಒತ್ತಿದ ರಭಸಕ್ಕೆ ಹಿಂದಿದ್ದ ಆಟೋದವನು ಬೈದ. “ಮುಂದೆ ಯಾಕೆ ಬಿಚ್ಬೇಕು? ಮುಂದೆ ಏನೂ ಇಲ್ಲ! ಕೇಕ್ ಮಾಡೋಳು ಕೇಕ್ ಮಾಡು.”

ಮನೆಗೆ ಬಂದವರೇ ಹೆಂಡತಿಗೆ ಆಜ್ಞೆ ಮಾಡಿದರು: ಕಾರಿನೊಳಗೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಸೊಸೆಯ ಹಿಟ್ಟು ಎಷ್ಟಿದೆ ತೋರಿಸಬೇಕು. ಅರವತ್ತೆರಡರ ಮಹಾಂತಮ್ಮ ಮಂಡಿ ನೋವಿನಲ್ಲೇ ಕೂತು ಸೀಟಿನ ಸಂದಿ, ಕಾಲಡಿಯ ಚಾಪೆ, ಗಾಳಿ ಬರುವ ಕಿಂಡಿ ಎಲ್ಲ ಒರೆಸಿದರು. ಬಟ್ಟೆ ತಂದು ಗಂಡನ ಮುಂದೆ ಹಿಡಿದರು.

“ನೋಡಿ. ಧೂಳಿದೆ. ನಿಮ್ಮ ಅಡಿಕೆಪುಡಿ ಇದೆ. ಹಿಟ್ಟು ಒಂದು ಚಿಟಿಕೆ ಇಲ್ಲ.”

“ಕಣ್ಣು ಕಾಣಲ್ಲ ನಿಂಗೆ.”

“ನಲವತ್ತೆರಡು ವರ್ಷದಿಂದ ನಿಮ್ಮ ಅಕ್ಕಿ ಕಲ್ಲು ಆರಿಸಿದ ಕಣ್ಣು ಇದು. ಆ ಹುಡುಗಿ ಮೇಲೆ ಸುಮ್ನೆ ಹಾಕ್ಬೇಡಿ.”

“ನೀನೂ ಅವಳ ಕಡೆ ಸೇರ್ಕೊಂಡ್ಯಾ?”

“ಹೌದು, ಸೇರ್ಕೊಂಡೆ. ಏನೀಗ?” ಎಂದು ಮಹಾಂತಮ್ಮ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಒಳಗೆ ಹೋದರು. ಕೆಸರು ನೀರು ಗಂಡನ ಪಂಚೆಗೂ ಹಾರಿತು.

ಮೇ ಹದಿಮೂರು ಗುರುವಾರ, ನಿವೃತ್ತರ ಸಂಘದ ಸಭೆ. ಷಡಕ್ಷರಪ್ಪನವರು ಯಾರದೋ ಸ್ಕೂಟರಿನ ಹಿಂದೆ ಕೂತು ಹೋದರು. ಇನ್ನು ಎರಡೇ ದಿನ. ಶಾಂಭವಿ ಬೆಳಿಗ್ಗೆಯೇ ಗಂಡನಿಗೆ ಒಂದು ದಿನ ರಜೆ ಹಾಕಿ ಎಂದಿದ್ದಳು. ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ಇದೆ ಎಂದು ಅವನು ಓಡಿದ್ದ. ಇನ್‌ಸ್ಪೆಕ್ಷನ್ ಹೋದ ತಿಂಗಳೇ ಮುಗಿದಿತ್ತು.

ಸ್ಕೂಟರು ತಿರುವು ದಾಟಿದ್ದೇ ತಡ, ಮಹಾಂತಮ್ಮ ಮೊಳೆಯಿಂದ ಕೀ ತೆಗೆದು ಸೊಸೆಯ ಕೈಗಿಟ್ಟರು.

“ಭದ್ರಾವತಿ ಹೊಸಮನೆ ಬಡಾವಣೇಲಿ ಮುರುಗೇಶಪ್ಪ ಅಂತ ಒಬ್ಬ ಮೆಕ್ಯಾನಿಕ್ ಇದಾನೆ. ಮೊದ್ಲೆಲ್ಲ ಇವ್ರು ಕಾರು ಅವನ ಹತ್ರಾನೇ ಬಿಡ್ತಿದ್ರು. ಈಗ ಯಾಕೋ ಹೋಗಲ್ಲ. ನಡಿ, ನಾನೂ ಬರ್ತೀನಿ.”

“ಅತ್ತೆ, ಮಾವ ಬಂದ್ರೆ?”

“ಬರ್ಲಿ ಮಾರಾಯ್ತಿ. ಅನ್ನ ಮಾಡಿಟ್ಟಿದೀನಿ, ಹಾಕ್ಕೊಂಡು ತಿನ್ಲಿ.”

ಗೇರ್‌ಬಾಕ್ಸಿಗೆ ಏನೂ ಆಗಲಿಲ್ಲ. ಮಹಾಂತಮ್ಮ ಹನ್ನೊಂದು ವರ್ಷದಲ್ಲಿ ಮೊದಲ ಸಲ ಮುಂದಿನ ಸೀಟಿನಲ್ಲಿ ಕೂತು ಭದ್ರಾವತಿ ನೋಡಿದರು.

ಮುರುಗೇಶಪ್ಪ ಪರೀಕ್ಷೆ ಮಾಡಿದ ರೀತಿ ಬಹಳ ಸರಳ. ಕಾರು ನಿಲ್ಲಿಸಿ, ಎಂಜಿನ್ ಮತ್ತು ಎಸಿ ಹಾಕಿಸಿ, ಶಾಂಭವಿಯನ್ನು ಒಳಗೆ ಕೂರಿಸಿದ. ಒಂದು ಬಕೆಟ್ ನೀರು ತಂದು ಜಾಲರಿಯ ಮೂಲಕ ನಿಧಾನವಾಗಿ ಹೊಯ್ದ.

“ಈಗ ಕೈ ಇಡಿಯಮ್ಮಾ ಕಿಂಡಿಗೆ.”

“ಅಯ್ಯೋ, ತಣ್ಣಗೆ ಬರ್ತಿದೆ!”

“ಹಂಗಾದ್ರೆ ಎಸಿ ಚೆನ್ನಾಗೇ ಇದೆ. ಒಳಗಿನ ಬಿಸಿಯೆಲ್ಲ ಇಲ್ಲಿ ಮುಂದಿರೋ ಜಾಳಿಗೆಯಿಂದ ಆಚೆ ಹೋಗ್ಬೇಕು. ಅದಕ್ಕೆ ಗಾಳಿ ಆಡ್ತಾ ಇಲ್ಲ. ನೀರು ಬಿದ್ದಾಗ ತಣ್ಣಗಾಯ್ತು. ಯಾರೋ ಗ್ಯಾಸ್ ಬೇರೆ ಗಂಟಲ ತನಕ ತುಂಬವ್ರೆ. ಬಿಚ್ತೀನಿ ಇರಿ.”

ಜಾಲರಿ ಬಿಚ್ಚಿದ. ಅದರ ಹಿಂದಿದ್ದ ಎಸಿಯ ಜಾಳಿಗೆಯನ್ನು ರೇಡಿಯೇಟರಿನಿಂದ ಬೇರೆ ಮಾಡಿ ಮುಂದಕ್ಕೆ ಬಾಗಿಸಿದ. ಎರಡರ ನಡುವೆ ಕಂದು ಬಣ್ಣದ, ಹಳೇ ಕಂಬಳಿಯಂಥ ಒಂದು ಪದರ ಅಂಟಿಕೊಂಡಿತ್ತು. ಸ್ಕ್ರೂಡ್ರೈವರಿನಿಂದ ಎಬ್ಬಿಸಿದಾಗ ಇಡಿಯಾಗಿ ಎದ್ದು ಬಂತು. ಒಂದು ಬೆರಳು ದಪ್ಪ. ಚೆಂಡುಹೂವಿನ ಎಸಳು, ಒಣಗಿದ ಮಾವಿನ ಎಲೆಯ ಚೂರು, ಧೂಳು, ಸತ್ತ ಹುಳ. ನಡುವೆ ಅಲ್ಲಲ್ಲಿ ಮಾಸಿದ ದಾರ.

ಮಹಾಂತಮ್ಮ ಆ ದಾರ ಹಿಡಿದು ನೋಡಿದರು. ಗಂಟು ಅವರದೇ.

“ಇದು ನಾನು ಕಟ್ಟಿದ ಹಾರ.”

“ಒಂದು ವರ್ಷದ್ದಲ್ಲಮ್ಮಾ, ಕಾರು ತಂದಾಗಿಂದ ಇದೆ,” ಎಂದ ಮುರುಗೇಶಪ್ಪ. “ಹೋದ ದೀಪಾವಳೀಲೇ ಸಾರ್‌ಗೆ ಹೇಳಿದ್ನಲ್ಲ ನಾನು? ಎಸಿ ಕಮ್ಮಿ ಆಯ್ತು ಅಂತ ಬಂದಿದ್ರು. ‘ಸಾರ್, ನೀವು ಹಾಕೋ ಹೂವು ಒಳಗೆ ಹೋಗಿ ಕೂತಿದೆ, ಬಿಚ್ಚಿ ತೆಗೀತೀನಿ’ ಅಂದೆ. ‘ನಂಗೇ ಯಂತ್ರ ಹೇಳಿಕೊಡ್ತೀಯೇನೋ’ ಅಂತ ಬೈದು ಹೊರಟೋದ್ರು. ಆಮೇಲೆ ಬರ್ಲೇ ಇಲ್ಲ.”

ಶಾಂಭವಿ ಎರಡು ಸಲ ಕೇಳಿದಳು: ಹೋದ ದೀಪಾವಳಿಯಾ? ಹೋದ ದೀಪಾವಳಿಯೇ. ಅಂದರೆ ಆರು ತಿಂಗಳಿಂದ ಗೊತ್ತು. ಗೊತ್ತಿದ್ದೂ ನಂಜಮ್ಮನ ಅಂಗಡಿಯಲ್ಲಿ, ಊರವರ ಎದುರು, ಸೊಸೆಯ ಹಿಟ್ಟು ಎಂದಿದ್ದರು. ಮುರುಗೇಶಪ್ಪ ಹೆಚ್ಚಾದ ಗ್ಯಾಸ್ ಬಿಟ್ಟು ಎಲ್ಲ ಮತ್ತೆ ಜೋಡಿಸುವವರೆಗೆ ಅವಳು ಸಿಟ್ಟಿನಲ್ಲಿ ಗ್ಯಾರೇಜಿನ ಮುಂದೆ ಅತ್ತಿತ್ತ ಓಡಾಡಿದಳು. ಆ ಹೂವಿನ ಕಂಬಳಿಯನ್ನು ಕಾರಿನಲ್ಲಿದ್ದ ಖಾಲಿ ಕೇಕಿನ ಡಬ್ಬಿಗೆ ಹಾಕಿ, ದಾರ ಕಟ್ಟಿ ಮನೆಗೆ ತಂದಳು.

ಸಂಜೆ ಷಡಕ್ಷರಪ್ಪನವರು ವರಾಂಡದಲ್ಲಿ ನಿಂತು ಕಾಯುತ್ತಿದ್ದರು. ಜ್ಞಾನೇಶನೂ ಬ್ಯಾಂಕಿನಿಂದ ಬಂದಿದ್ದ.

“ಯಾರನ್ನ ಕೇಳಿ ಕಾರು ತೆಗೆದ್ರಿ?”

ಶಾಂಭವಿ ನೇರ ಒಳಗೆ ನಡೆದಳು, ಎಲ್ಲರೂ ಹಿಂದೆಯೇ ಬಂದರು. ಊಟದ ಮೇಜಿನ ಮೇಲೆ ಅವರ ತಟ್ಟೆ ಇಟ್ಟು, ಡಬ್ಬಿ ಬಿಚ್ಚಿ, ಅದರಲ್ಲಿದ್ದದ್ದನ್ನು ತಟ್ಟೆಗೆ ಸುರಿದಳು.

“ಇದು ಮೈದಾನಾ ಮಾವ? ಸಕ್ಕರೆ ಪುಡಿನಾ? ನೋಡಿ ಹೇಳಿ. ಮೂವತ್ತಾರು ವರ್ಷ ಯಂತ್ರ ನೋಡಿದೋರು ನೀವು.”

ಷಡಕ್ಷರಪ್ಪನವರು ತಟ್ಟೆಯನ್ನು ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವರು ಯಾರೂ ಕೇಳದಿದ್ದ ಪ್ರಶ್ನೆಗೆ ಉತ್ತರ ಕೊಟ್ಟರು. “ಮುರುಗೇಶಪ್ಪ ಸುಳ್ಳು ಹೇಳ್ತಾನೆ.”

“ಅವನ ಹೆಸರು ನಾನು ಎತ್ತಲೇ ಇಲ್ವಲ್ಲ!”

ಷಡಕ್ಷರಪ್ಪನವರು ಕುರ್ಚಿ ಎಳೆದು ಕೂತರು.

“ಎಪ್ಪತ್ತೊಂದರಲ್ಲಿ ನನ್ನ ಕೈ ಕೆಳಗೆ ಕರಿಯಪ್ಪ ಅಂತ ಇದ್ದ. ಪೂಜೆ ಮಾರನೇ ದಿನ ಯಂತ್ರದ ಹಾರ ಕಿತ್ತು ಬಿಸಾಕ್ದ. ಅವತ್ತೇ ಮಧ್ಯಾಹ್ನ ಅವನ ಎರಡು ಬೆರಳು ಹೋಯ್ತು. ನಾನೇ ಟವೆಲ್ ಸುತ್ತಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ನಿಮಗೇನು ಗೊತ್ತು? ಪೂಜೆ ಹೂವಿಗೆ ಕೈ ಹಾಕೋಕಾಗಲ್ಲ ನಂಗೆ.”

“ಹೂವು ಹಾಕಿದ್ದಕ್ಕೆ ನಂಗೆ ಸಿಟ್ಟಿಲ್ಲ ಮಾವ. ನಿಮಗೆ ಭಯ ಇತ್ತು, ಸರಿ, ಹಾಗಂತ ಹೇಳ್ಬಹುದಿತ್ತು. ಆರು ತಿಂಗಳಿಂದ ಗೊತ್ತಿದ್ದೂ ನನ್ನ ಮೇಲೆ ಯಾಕೆ ಹಾಕಿದ್ರಿ? ಮೂರು ಕೇಕು ಕರಗ್ತು. ನಂಜಮ್ಮನ ಅಂಗಡೀಲಿ ಕಳ್ಳಿ ಥರ ನಿಂತಿದ್ದೆ ನಾನು.”

“ಹೋಗ್ಲಿ ಬಿಡು ಶಾಂಭವಿ, ಈಗ ಸರಿಹೋಯ್ತಲ್ಲ,” ಎಂದ ಜ್ಞಾನೇಶ್.

“ನೀನು ಬಾಯಿ ಮುಚ್ಚು!” ಎಂದರು ಮಹಾಂತಮ್ಮ. ಮಗನಿಗೆ ಅವರು ಹಿಂದೆಂದಾದರೂ ಹಾಗೆ ಅಂದದ್ದು ಯಾರಿಗೂ ನೆನಪಿರಲಿಲ್ಲ. “ಇಷ್ಟು ದಿನ ಮುಚ್ಕೊಂಡೇ ಇದ್ಯಲ್ಲ, ಈಗ್ಲೂ ಮುಚ್ಕೊಂಡಿರು.” ಆಮೇಲೆ ಗಂಡನ ಕಡೆ ತಿರುಗಿದರು. “ಹನ್ನೊಂದು ವರ್ಷ ಹಾರ ಕಟ್ಟಿದ್ದು ನಾನು. ಒಣಗಿದ ಹೂವು ತೆಗೆದು ತುಳಸಿ ಬುಡಕ್ಕೆ ಹಾಕೋಣ ಅಂತ ಪ್ರತಿ ವರ್ಷ ಹೇಳ್ದೆ. ದೇವರ ಪಟದ ಹೂವು ದಿನಾ ತೆಗೀತೀನಲ್ಲ, ನನ್ನ ಬೆರಳು ಹೋಗಿದ್ಯಾ? ನನ್ನ ಮಾತು ಬೇಡ, ಮುರುಗೇಶಪ್ಪನ ಮಾತೂ ಬೇಡ. ಕೊನೆಗೆ ಮಂಡಿ ಊರಿಸಿ ಕಾರು ಒರೆಸಿದ್ರಿ ನನ್ನ ಕೈಲಿ, ಇಲ್ಲದ ಹಿಟ್ಟು ಹುಡುಕೋಕೆ!”

“ಈಗ ಏನು ಮಾಡ್ಬೇಕು ಅಂತೀರಾ?” ಎಂದರು ಷಡಕ್ಷರಪ್ಪನವರು.

“ಶನಿವಾರ ನಾನು ಕಾರು ಓಡಿಸ್ತೀನಿ. ನೀವು ಜೊತೆಗೆ ಬರ್ಬೇಕು. ಎಲ್ಲಿ ನನ್ನ ಹೆಸರು ಹೇಳಿದ್ರೋ ಅಲ್ಲೇ ನಿಂತು ನಿಜ ಹೇಳ್ಬೇಕು,” ಎಂದಳು ಶಾಂಭವಿ.

“ನಾನು ಹೇಳಲ್ಲ.”

“ಹಂಗಾದ್ರೆ ತಟ್ಟೇಲಿರೋದೇ ಊಟ,” ಎಂದರು ಮಹಾಂತಮ್ಮ.

ಅವರು ಆಡಿದಂತೆ ಮಾಡುವ ಹೆಂಗಸು ಎಂದು ಆ ಮನೆಗೆ ಆವತ್ತು ಗೊತ್ತಾಯಿತು. ಅಡುಗೆ ಮಾಡಿದರು, ಆದರೆ ಬಡಿಸಲಿಲ್ಲ. ಷಡಕ್ಷರಪ್ಪನವರು ರಾತ್ರಿ ತಾವೇ ಹುಡುಕಿ ಬೇರೆ ತಟ್ಟೆ ತೊಳೆದುಕೊಂಡರು. ಶುಕ್ರವಾರ ಬೆಳಿಗ್ಗೆ ಉಪ್ಪಿನಕಾಯಿ ಜಾಡಿ ಎಲ್ಲಿದೆ ಎಂದು ಮೂರು ಸಲ ಕೇಳಿದರು. ಮೂವರಲ್ಲಿ ಒಬ್ಬರೂ ಹೇಳಲಿಲ್ಲ. ಜ್ಞಾನೇಶ್ ಹೇಳಹೊರಟವನು ಅಮ್ಮನ ಮುಖ ನೋಡಿ ಸುಮ್ಮನಾದ. ಹೂವಿನ ತಟ್ಟೆ ಮೇಜಿನ ಮೇಲೆ ಅವರ ಜಾಗದಲ್ಲೇ ಇತ್ತು. ಅದನ್ನು ಎತ್ತಲು ಅವರ ಕೈಯೂ ಬರಲಿಲ್ಲ.

ಶಾಂಭವಿ ಶುಕ್ರವಾರ ರಾತ್ರಿ, ಶನಿವಾರ ಬೆಳಿಗ್ಗೆ ಒಲೆಯ ಮುಂದೆಯೇ ಇದ್ದಳು. ನಾಲ್ಕು ಕಿಲೋದ ಕೇಕು, ಮೂರು ಅಂತಸ್ತು, ಮೇಲೆ ಕ್ರೀಮಿನ ಮಲ್ಲಿಗೆ. ಮೂರು ಗಂಟೆಗೆ ಡಬ್ಬಿ ಹಿಡಿದು ಹೊರಗೆ ಬಂದಾಗ ಷಡಕ್ಷರಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಶಾಲು ಹಾಕಿಕೊಂಡು ಕಾರಿನ ಪಕ್ಕ ನಿಂತಿದ್ದರು. ಕೀ ಕೈಯಲ್ಲಿತ್ತು. ಸೊಸೆಯ ಮುಖ ನೋಡದೆ ಅದನ್ನು ಮುಂದೆ ಚಾಚಿದರು. ಹಿಂದಿನ ಬಾಗಿಲು ತೆರೆದು ಕೂತು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ರೈಲ್ವೆ ಗೇಟು ಅವತ್ತೂ ಹಾಕಿತ್ತು. ಹೊರಗೆ ಬಸ್ಸಿನವರು ಇಳಿದು ಬೇವಿನ ಮರದ ನೆರಳಿಗೆ ಓಡುತ್ತಿದ್ದರು. ಕಾರಿನೊಳಗೆ ತಣ್ಣನೆ ಗಾಳಿ ಒಂದೇ ಸಮ ಬೀಸುತ್ತಿತ್ತು.

“ಚಳಿ ಜಾಸ್ತಿ ಆಯ್ತು. ಸ್ವಲ್ಪ ಕಮ್ಮಿ ಮಾಡು.”

“ಕೇಕಿಗೆ ಇಷ್ಟೇ ಬೇಕು. ಶಾಲು ಹೊದ್ಕೊಳ್ಳಿ.”

ಷಡಕ್ಷರಪ್ಪನವರು ಶಾಲು ಹೊದ್ದುಕೊಂಡರು.

ನಂಜಮ್ಮನ ಅಂಗಡಿಯ ಬೆಂಚಿನ ಮೇಲೆ ಈಶ್ವರಪ್ಪ ಅದೇ ಜಾಗದಲ್ಲಿ ಕೂತಿದ್ದರು. ಮಗುವಿನ ಮನೆಯವರೂ ಕೇಕಿಗಾಗಿ ಬಂದು ನಿಂತಿದ್ದರು. ಒಳಗೆ ನಂಜಮ್ಮ ಮಿಕ್ಸಿಯಲ್ಲಿ ಜ್ಯೂಸು ಮಾಡುತ್ತಿದ್ದಳು.

“ಕಾರು ಸರಿಹೋಯ್ತೇನ್ರಿ ಷಡಕ್ಷರಪ್ಪ?” ಈಶ್ವರಪ್ಪ ಕೇಳಿದರು. “ಏನಾಗಿತ್ತಂತೆ?”

“ಏನೋ ಕಸ ಸಿಕ್ಕೊಂಡಿತ್ತು.”

“ಹಿಟ್ಟು ತಾನೆ?”

ಡಬ್ಬಿಯ ದಾರ ಬಿಚ್ಚುತ್ತಿದ್ದ ಶಾಂಭವಿ ಕೈ ನಿಲ್ಲಿಸಿದಳು. ಮಾವನ ಮುಖವನ್ನೇ ನೋಡಿದಳು.

“ಹಿಟ್ಟಲ್ಲ. ನಾನು ಹಾಕಿದ ಹೂವು. ತಪ್ಪು ನಂದೇ,” ಎಂದರು ಷಡಕ್ಷರಪ್ಪನವರು, ಡಬ್ಬಿಗೆ ಹೇಳುವಂತೆ.

ನಂಜಮ್ಮ ಮಿಕ್ಸಿ ನಿಲ್ಲಿಸಿದಳು. “ಏನಂದ್ರಿ?”

“ಇನ್ನೊಂದ್ಸಲ ಹೇಳಿ ಮಾವ,” ಎಂದಳು ಶಾಂಭವಿ. “ಅವ್ರಿಗೆ ಕೇಳಿಸ್ಲಿಲ್ಲ.”

ಷಡಕ್ಷರಪ್ಪನವರು ಶಾಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದರು. ಯಂತ್ರಗಳ ಸದ್ದನ್ನು ಮೀರಿ ಮೂವತ್ತಾರು ವರ್ಷ ಕೂಗಿದ ಗಂಟಲು ಅದು.

“ತಪ್ಪು ನಂದು! ನಮ್ಮ ಸೊಸೇದಲ್ಲ!”

ರಸ್ತೆಯಾಚೆಯ ಆಟೋದವರೆಲ್ಲ ತಿರುಗಿ ನೋಡಿದರು. ಶಾಂಭವಿ ಡಬ್ಬಿಯ ಮುಚ್ಚಳ ತೆಗೆದಳು. ಕೇಕಿನ ಮೇಲೆ ಒಂದು ಹೂವೂ ಅಲುಗಿರಲಿಲ್ಲ.